ಗೋಡೆಯ ಮೇಲೆ ಕೊಟ್ಟವರ ಹೆಸರು

2025ರ ಜುಲೈ ಮೊದಲ ವಾರ ಅರಸೀಕೆರೆಯಿಂದ ಚಿಕ್ಕಪ್ಪ ಫೋನ್ ಮಾಡಿದ್ದರು. ನಮ್ಮ ಪ್ರಧಾನಿ ನಾನಿರುವ ಪಶ್ಚಿಮ ಆಫ್ರಿಕಾದ ಘಾನಾಕ್ಕೆ ಬಂದಿದ್ದ ಸಮಯ. ಭಾರತದ ಪ್ರಧಾನಿಯೊಬ್ಬರು ಇಲ್ಲಿಗೆ ಬಂದು ಮೂವತ್ತು ವರ್ಷಗಳೇ ಕಳೆದಿದ್ದವು. ರಾಜಧಾನಿ ಅಕ್ರಾದ ಸಂಸತ್ತಿನಲ್ಲಿ ಅವರು ಭಾಷಣ ಮಾಡಿದ್ದನ್ನು ಚಿಕ್ಕಪ್ಪ ಟಿವಿಯಲ್ಲಿ ನೋಡಿದ್ದರು. “ನಿಮ್ಮ ಊರನ್ನೇ ತೋರಿಸಿದರು ಕಣಮ್ಮ. ಅಲ್ಲಿಯ ಜನಕ್ಕೆ ನಾವೆಂದರೆ ಬಹಳ ಗೌರವವಂತೆ. ಇರಲೇಬೇಕಲ್ಲ, ನಾವು ಅಷ್ಟೊಂದು ಕೊಡುತ್ತೇವೆ” ಎಂದರು. ಹೌದು ಚಿಕ್ಕಪ್ಪ ಎಂದು ಹೇಳಿ ಮಳೆ, ಕೊಬ್ಬರಿ ಬೆಲೆಯ ಮಾತಿಗೆ ಹೊರಳಿಕೊಂಡೆ.

ಫೋನ್ ಇಟ್ಟ ಮೇಲೆ ಆ ಮಾತು ಕಾಡತೊಡಗಿತು. ಚಿಕ್ಕಪ್ಪ ಯಾರನ್ನೂ ಹೀಯಾಳಿಸುವವರಲ್ಲ. ತಾಲ್ಲೂಕಿನ ಬೋರ್‌ವೆಲ್ ಕೈಪಂಪುಗಳನ್ನು ಮೂವತ್ತು ವರ್ಷ ರಿಪೇರಿ ಮಾಡಿ ನಿವೃತ್ತರಾದವರು, ಕಂಡವರ ಕಷ್ಟಕ್ಕೆ ಓಡುವವರು. ಅಂಥವರ ಮನಸ್ಸಿನಲ್ಲೂ ಆಫ್ರಿಕಾ ಎಂದರೆ ಕೈಯೊಡ್ಡಿ ನಿಂತ ಒಂದು ಚಿತ್ರ. ಎಂಟು ವರ್ಷಗಳ ಹಿಂದೆ ವಿಮಾನ ಹತ್ತಿದಾಗ ನನ್ನ ಮನಸ್ಸಿನಲ್ಲೂ ಇದ್ದದ್ದು ಅದೇ.

ನಾವಿರುವುದು ತೇಮಾದಲ್ಲಿ. ಅಕ್ರಾದ ಪಕ್ಕದ ಬಂದರು ಪಟ್ಟಣ, ಘಾನಾದ ಮೊದಲ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಅವರ ಕಾಲದಲ್ಲಿ ನಕ್ಷೆ ಹಾಕಿ ಕಟ್ಟಿದ್ದು. ಬಡಾವಣೆಗಳಿಗೆ ಹೆಸರಿಗಿಂತ ಅಂಕಿಯೇ ಹೆಚ್ಚು: ಕಮ್ಯುನಿಟಿ ಒಂದು, ಕಮ್ಯುನಿಟಿ ಎರಡು, ಹೀಗೆ. ಗ್ರೀನಿಚ್ ರೇಖೆ ಈ ಊರಿನ ಮೇಲೆಯೇ ಹಾದುಹೋಗುತ್ತದೆ. ನನ್ನ ಕೆಲಸ ಔಷಧಿ ಆಮದು ಮಾಡುವ ಒಂದು ಕಂಪನಿಯ ಗೋದಾಮಿನಲ್ಲಿ. ನಾವು ದಿನವೂ ಎಣಿಸುವ ಪೆಟ್ಟಿಗೆಗಳಲ್ಲಿ ಬಹುಪಾಲು ಹೈದರಾಬಾದು, ಅಹಮದಾಬಾದಿನಿಂದ ಬಂದವು. ಗೋದಾಮಿನ ಉಗ್ರಾಣದ ಹಿರಿಯರನ್ನು ನಾವೆಲ್ಲ ‘ವೋಫಾ’ ಎನ್ನುತ್ತೇವೆ. ಇಲ್ಲಿಯ ಟ್ವೀ ಭಾಷೆಯಲ್ಲಿ ವೋಫಾ ಎಂದರೆ ತಾಯಿಯ ಅಣ್ಣತಮ್ಮ, ನಮ್ಮ ಸೋದರಮಾವ. ಆಕಾನ್ ಜನರಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುವುದರಿಂದ ಆ ಮಾತಿಗೆ ನಮ್ಮಲ್ಲಿಗಿಂತ ತೂಕ ಹೆಚ್ಚು. ದಕ್ಷಿಣ ಕನ್ನಡದ ಅಳಿಯಕಟ್ಟು ಬಲ್ಲವರಿಗೆ ಇದು ಚೆನ್ನಾಗಿ ಅರ್ಥವಾದೀತು. ವೋಫಾ ಹುಟ್ಟಿದ್ದು 1957ರಲ್ಲಿ, ಈ ದೇಶ ಸ್ವತಂತ್ರವಾದ ವರ್ಷ.

ಹೊರದೇಶದ ನೆರವಿನ ಬಗ್ಗೆ ಇಲ್ಲಿಯ ಜನ ಏನೆನ್ನುತ್ತಾರೆ ಎಂದು ತಿಳಿಯಲು ಎಲ್ಲಿಗೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಟ್ರೊಟ್ರೊ ಹತ್ತಿದರೆ ಸಾಕು. ಟ್ರೊಟ್ರೊ ಎಂದರೆ ನಮ್ಮ ಮ್ಯಾಕ್ಸಿಕ್ಯಾಬ್‌ನಂತಹ ವ್ಯಾನು. ರೇಡಿಯೊದಲ್ಲಿ ಯಾವನೋ ಸಚಿವನನ್ನು ಕೂರಿಸಿಕೊಂಡು ಪ್ರಶ್ನೆ ಕೇಳುತ್ತಿರುತ್ತಾರೆ. ಐಎಂಎಫ್ ಸಾಲ, ಚೀನಾದ ಒಪ್ಪಂದ, ಅಮೆರಿಕದ ವೀಸಾ, ಎಲ್ಲವೂ ಅಲ್ಲಿ ಬರುತ್ತವೆ. ವ್ಯಾನಿನೊಳಗೆ ಮೀನು ಮಾರುವ ಹೆಂಗಸು ಒಂದು ಹೇಳಿದರೆ ಕಾಲೇಜಿನ ಹುಡುಗ ಇನ್ನೊಂದು ಹೇಳುತ್ತಾನೆ. 2017ರಲ್ಲಿ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರೋನ್ ಅಕ್ರಾಕ್ಕೆ ಬಂದಾಗ ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಅಂದಿನ ಅಧ್ಯಕ್ಷ ಅಕುಫೊ-ಆಡೊ, ಪಶ್ಚಿಮದವರು ಕೊಡುವ ನೆರವನ್ನು ನಂಬಿ ನಾವು ಇನ್ನು ಮುಂದೆ ನಮ್ಮ ನೀತಿಗಳನ್ನು ರೂಪಿಸಲಾಗದು, ಅದು ಇದುವರೆಗೆ ಫಲ ಕೊಟ್ಟಿಲ್ಲ ಎಂದಿದ್ದರು. ಆ ಮಾತು ಆಫ್ರಿಕಾದ ತುಂಬ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಅದೇ ಅಧ್ಯಕ್ಷರ ಅವಧಿಯಲ್ಲೇ, 2022ರ ಡಿಸೆಂಬರಿನಲ್ಲಿ ದೇಶ ಹೊರಗಿನ ಬಹುಪಾಲು ಸಾಲದ ಕಂತು ಕಟ್ಟುವುದನ್ನು ನಿಲ್ಲಿಸಿತು; ಹದಿನೇಳನೆಯ ಬಾರಿಗೆ ಐಎಂಎಫ್ ಬಾಗಿಲಿಗೆ ಹೋಗಿ ಮರುವರ್ಷ 300 ಕೋಟಿ ಡಾಲರಿನ ಸಾಲಕ್ಕೆ ಒಪ್ಪಿಗೆ ಪಡೆಯಿತು. ಮುಪ್ಪಿಗೆಂದು ಸರ್ಕಾರಿ ಬಾಂಡು ಕೊಂಡಿದ್ದ ಪಿಂಚಣಿದಾರರು ಹಣಕಾಸು ಸಚಿವಾಲಯದ ಮುಂದೆ ಧರಣಿ ಕುಳಿತರು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಸೋಫಿಯಾ ಅಕುಫೊ ಕೂಡ ಅವರೊಡನೆ ಬಂದು ನಿಂತರು. ಆಗ ವ್ಯಾನಿನಲ್ಲಿ ಕೇಳಿದ ಮಾತು ಕೊಟ್ಟವರ ಮೇಲಿನದಾಗಿರಲಿಲ್ಲ. ಯಾರು ಸಹಿ ಹಾಕಿದರು, ದುಡ್ಡು ಎಲ್ಲಿ ಹೋಯಿತು, ಎಂಬುದಾಗಿತ್ತು.

ಆಫ್ರಿಕಾದ ಜನರ ಅಭಿಪ್ರಾಯವನ್ನು ಮನೆಮನೆಗೆ ಹೋಗಿ ಕೇಳಿ ದಾಖಲಿಸುವ ಆಫ್ರೊಬ್ಯಾರೋಮೀಟರ್ ಎಂಬ ಸಂಸ್ಥೆಯ ಕೇಂದ್ರ ಇರುವುದೂ ಅಕ್ರಾದಲ್ಲಿಯೇ. 2019ರಿಂದ 2021ರ ನಡುವೆ 34 ದೇಶಗಳಲ್ಲಿ ಅವರು ಕೇಳಿದಾಗ ಚೀನಾದ ಪ್ರಭಾವ ಒಳ್ಳೆಯದು ಎಂದವರು ಶೇ. 63, ಅಮೆರಿಕದ ಪ್ರಭಾವ ಒಳ್ಳೆಯದು ಎಂದವರು ಶೇ. 60. ಪಾಶ್ಚಾತ್ಯ ಪತ್ರಿಕೆಗಳು ಇದನ್ನು ಓಟದ ಪಂದ್ಯದಂತೆ ಬರೆದವು. ಎರಡೂ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನನಗೆ ಕಾಣುವುದು ಬೇರೆ. ಇಬ್ಬರನ್ನೂ ಬೇಕೆನ್ನುವವರೇ ಇಲ್ಲಿ ಬಹಳ. ಸಂತೆಗೆ ಹೋದವರು ಒಂದೇ ಅಂಗಡಿಯಲ್ಲಿ ನಿಲ್ಲಬೇಕೆಂದೇನೂ ಇಲ್ಲವಲ್ಲ.

ಅಕ್ಟೋಬರಿನ ಒಂದು ಶನಿವಾರ ವೋಫಾ ಅವರ ಊರಿಗೆ ಹೋಗಬೇಕಾಯಿತು. ಅವರ ಅಕ್ಕ ತೀರಿಕೊಂಡಿದ್ದರು. ಇಲ್ಲಿ ಶವಸಂಸ್ಕಾರವೆಂದರೆ ವಾರಗಟ್ಟಲೆ ತಯಾರಿ, ಊರಿಗೆ ಊರೇ ಕಪ್ಪು ಕೆಂಪು ಬಟ್ಟೆಯಲ್ಲಿ ಸೇರುವ ದಿನ. ಹೋಗದೆ ಇರುವಂತಿಲ್ಲ. ನಾನೂ ನನ್ನ ಯಜಮಾನರೂ ಕಪ್ಪು ಬಟ್ಟೆ ಹೊಲಿಸಿಕೊಂಡು ಹೊರಟೆವು.

ವೋಫಾ ಅವರ ಊರು ಅವರ ಊರಲ್ಲ. ಹುಟ್ಟಿದ ಊರು ವೋಲ್ಟಾ ಸರೋವರದ ತಳದಲ್ಲಿದೆ. 1961ರಿಂದ 1965ರವರೆಗೆ ಅಕೊಸೊಂಬೊ ಅಣೆಕಟ್ಟು ಕಟ್ಟಿದಾಗ ಸುಮಾರು 80,000 ಜನ ಮನೆ ಬಿಟ್ಟರು. ಏಳುನೂರಕ್ಕೂ ಹೆಚ್ಚು ಹಳ್ಳಿಗಳ ಜನರನ್ನು 52 ಹೊಸ ಊರುಗಳಲ್ಲಿ ತಂದು ಕೂರಿಸಿದರು. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಲಿಂಗನಮಕ್ಕಿಯ ಹಿನ್ನೀರು ಶರಾವತಿ ಕಣಿವೆಯ ಊರುಗಳನ್ನು ನುಂಗುತ್ತಿತ್ತು. ಸಾಗರದ ನಮ್ಮ ನೆಂಟರ ಮನೆಯಲ್ಲಿ ಹಿರಿಯರು ಮುಳುಗಡೆಯ ಮಾತು ತೆಗೆದಾಗ ಅವರ ಧ್ವನಿ ಹೇಗಾಗುತ್ತದೋ ವೋಫಾ ಅವರ ಧ್ವನಿಯೂ ಹಾಗೆಯೇ ಆಗುತ್ತದೆ.

ಅಣೆಕಟ್ಟಿನ ಅರ್ಧ ಖರ್ಚನ್ನು ಘಾನಾ ಹಾಕಿತು. ಉಳಿದರ್ಧ ವಿಶ್ವಬ್ಯಾಂಕು, ಅಮೆರಿಕ, ಬ್ರಿಟನ್ ಕೊಟ್ಟ ಸಾಲ. ವಿದ್ಯುತ್ತಿನ ದೊಡ್ಡ ಪಾಲು ಹೋದದ್ದು ತೇಮಾದಲ್ಲಿ ಅಮೆರಿಕದ ಕೈಸರ್ ಕಂಪನಿ ನಡೆಸುತ್ತಿದ್ದ ಅಲ್ಯುಮಿನಿಯಂ ಕಾರ್ಖಾನೆಗೆ, ಅದೂ ಬಹಳ ಕಡಿಮೆ ದರದಲ್ಲಿ. ಈ ನೆಲದಲ್ಲಿ ಬಾಕ್ಸೈಟ್ ಇದ್ದರೂ ಕಾರ್ಖಾನೆ ಅಲ್ಯುಮಿನಾವನ್ನು ಹೊರದೇಶದಿಂದ ತರಿಸಿ ಕರಗಿಸಿತು. ಅದು ಈಗ ಘಾನಾ ಸರ್ಕಾರದ್ದು. ನನ್ನ ಗೋದಾಮಿನ ದಾರಿಯಲ್ಲೇ ಇದೆ. ಆದರೆ ಮನೆ ಬಿಟ್ಟವರ ಹೊಸ ಊರಿಗೆ ವಿದ್ಯುತ್ ಬರಲು ದಶಕಗಳು ಬೇಕಾದವು. “ಕಂಬಗಳು ನಮ್ಮ ತಲೆಯ ಮೇಲೇ ಹೋದವು. ನಾವು ಸೀಮೆಎಣ್ಣೆ ದೀಪದಲ್ಲಿ ಓದಿದೆವು” ಎಂದರು ವೋಫಾ. ಎನ್‌ಕ್ರುಮಾ ಬಗ್ಗೆ ಅವರಿಗೆ ಇಂದಿಗೂ ಭಕ್ತಿ. ಆ ಅಣೆಕಟ್ಟಿನ ಬಗ್ಗೆ ಹೆಮ್ಮೆಯೂ ಇದೆ. ಒಪ್ಪಂದದ ಕರಾರುಗಳ ಬಗ್ಗೆ ಮಾತ್ರ ಅರವತ್ತು ವರ್ಷಗಳಾದರೂ ಆರದ ಸಿಟ್ಟು. ಈ ಮೂರನ್ನೂ ಒಬ್ಬ ಮನುಷ್ಯ ಒಟ್ಟಿಗೆ ಇಟ್ಟುಕೊಳ್ಳಬಲ್ಲ ಎಂಬುದನ್ನು ಅವರಿಂದ ತಿಳಿದೆ.

ಸಂಜೆ ಊರು ಸುತ್ತಿದೆವು. ಶಾಲೆಯ ಪಕ್ಕದಲ್ಲಿ ಶೌಚಾಲಯ, ಅದರ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದದ್ದು ಮಾಸಿದ್ದರೂ ಓದಲು ಬರುತ್ತಿತ್ತು: ‘ಹಿಪಿಕ್ ಪ್ರಯೋಜನ’. ವಿಪರೀತ ಸಾಲದ ಬಡ ದೇಶ ಎಂಬುದಕ್ಕೆ ವಿಶ್ವಬ್ಯಾಂಕಿನವರು ಇಟ್ಟ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅವು. 2001ರಲ್ಲಿ ಅಧ್ಯಕ್ಷ ಕುಫೂರ್ ಆ ಪಟ್ಟಿಗೆ ಸೇರಲು ಒಪ್ಪಿಕೊಂಡರು, 2004ರಲ್ಲಿ ದೊಡ್ಡ ಸಾಲ ಮನ್ನಾ ಆಯಿತು. ಉಳಿದ ಹಣದಲ್ಲಿ ಕಟ್ಟಿದ ತರಗತಿ, ಶೌಚಾಲಯಗಳ ಮೇಲೆಲ್ಲ ಈ ಅಕ್ಷರಗಳನ್ನು ಬರೆಸಿದರು. ಅಂದಿನ ಮಕ್ಕಳು ಕಿತ್ತುಹೋದ ಚಪ್ಪಲಿ ಹಾಕಿದವನನ್ನು ಹಿಪಿಕ್ ಎಂದು ಕರೆದು ಅಳಿಸುತ್ತಿದ್ದರಂತೆ. ಇದನ್ನು ಹೇಳಿದವರು ವೋಫಾ ಅವರ ಸೊಸೆ, ಆ ಊರಿನ ದಾದಿ. ಶೌಚಾಲಯ ಬೇಕಾಗಿತ್ತು, ಅದರಿಂದ ಹೆಣ್ಣುಮಕ್ಕಳಿಗೆ ಉಪಕಾರವೇ ಆಯಿತು. ಆದರೆ ಮಗು ದಿನವೂ ಹೋಗಿಬರುವ ಗೋಡೆಯ ಮೇಲೆ ‘ನೀನು ಬಹಳ ಬಡವ’ ಎಂದು ಬರೆಸಿದವರಿಗೆ ಅದು ಹೊಳೆಯಲೇ ಇಲ್ಲವೇ ಎಂದು ಆಕೆ ಕೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ.

ದಾದಿ ಕೆಲಸ ಮಾಡುವುದು ಊರಿನ ‘ಚಿಪ್ಸ್’ನಲ್ಲಿ. ಹಳ್ಳಿಯ ಆರೋಗ್ಯ ಉಪಕೇಂದ್ರಕ್ಕೆ ಇಲ್ಲಿ ಆ ಹೆಸರು. ಎರಡು ಕೋಣೆ, ಹಿಂದೆ ದಾದಿಯ ಮನೆ. ಹೊರಗಿನ ಫಲಕದ ಕೆಳಮೂಲೆಯಲ್ಲಿ ಬಿಸಿಲಿಗೆ ಬಣ್ಣ ಹೋದ ಒಂದು ಚಿತ್ರ: ಒಂದನ್ನೊಂದು ಹಿಡಿದ ಎರಡು ಕೈ. ಕೆಳಗೆ ‘ಅಮೆರಿಕದ ಜನರಿಂದ’ ಎಂಬ ಇಂಗ್ಲಿಷ್ ಅಕ್ಷರಗಳು.

ಆ ಕೈಗಳನ್ನು ನಾನು ಚಿಕ್ಕಂದಿನಿಂದ ಬಲ್ಲೆ. ನಮ್ಮ ಮನೆಯ ಅಟ್ಟದಲ್ಲಿ ಅಮ್ಮ ಹುಣಸೆಹಣ್ಣು ತುಂಬಿಡುತ್ತಿದ್ದ ಒಂದು ಹಳೆಯ ಬಟ್ಟೆಯ ಚೀಲದ ಮೇಲೆ ಅದೇ ಚಿತ್ರವಿತ್ತು. ಅರವತ್ತರ ದಶಕದಲ್ಲಿ ಅಮ್ಮನ ಶಾಲೆಗೆ ಬರುತ್ತಿದ್ದ ಅಮೆರಿಕದ ರವೆಯ ಚೀಲ ಅದು. ಕೇರ್ ಸಂಸ್ಥೆ ಕಳಿಸುತ್ತಿದ್ದ ಹಳದಿ ರವೆಯ ಉಪ್ಪಿಟ್ಟು, ಹಾಲಿನ ಪುಡಿ ಕದಡಿದ ಹಾಲು. ಆ ಕಾಲದಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿದ ಯಾರನ್ನೇ ಕೇಳಿ, ಆ ವಾಸನೆಯಿಂದಲೇ ಮಾತು ಶುರುಮಾಡುತ್ತಾರೆ. ಅಮ್ಮ ಅದನ್ನು ಬಹಳ ರುಚಿಯಾಗಿತ್ತು ಎನ್ನುತ್ತಾಳೆ. ಜೊತೆಗೆ ಇನ್ನೊಂದನ್ನೂ ಹೇಳುತ್ತಾಳೆ. ಸಂಜೆ ಮನೆಗೆ ಬಂದರೆ ಅಜ್ಜ, “ಇವತ್ತೂ ಅಮೆರಿಕದವರ ಅನ್ನ ತಿಂದು ಬಂದೆಯಾ?” ಎಂದು ಕೇಳುತ್ತಿದ್ದರಂತೆ. ಬೈಗುಳವಲ್ಲ. ಮಗಳ ಹೊಟ್ಟೆ ತುಂಬಿದ್ದಕ್ಕೆ ಸಮಾಧಾನವೂ ತಾನು ತುಂಬಿಸಲಾಗದ್ದಕ್ಕೆ ಸಂಕಟವೂ ಸೇರಿದ ಮಾತು. ಇದನ್ನು ದಾದಿಗೆ ಹೇಳಿದೆ. ಆಕೆ ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡೇ ಇದ್ದಳು. “ನಿಮಗೂ ಕೊಡುತ್ತಿದ್ದರೇ?” ಎಂದು ಎರಡೆರಡು ಬಾರಿ ಕೇಳಿದಳು.

2025ರ ಜನವರಿಯಲ್ಲಿ ಅಮೆರಿಕದ ಹೊಸ ಸರ್ಕಾರ ಹೊರದೇಶದ ನೆರವನ್ನು ತಡೆಹಿಡಿಯಿತು. ಜುಲೈ ಹೊತ್ತಿಗೆ ಆ ಎರಡು ಕೈಗಳ ಸಂಸ್ಥೆ, ಯುಎಸ್‌ಏಡ್, ಅದೇ ಮುಚ್ಚಿತು. ಘಾನಾಕ್ಕೆ ಬಿದ್ದ ಖೋತಾ 15.6 ಕೋಟಿ ಡಾಲರ್, ಅದರಲ್ಲಿ ಅರ್ಧದಷ್ಟು ಮಲೇರಿಯಾ, ಬಾಣಂತಿ ಮತ್ತು ಶಿಶುಗಳ ಆರೈಕೆ, ಎಚ್‌ಐವಿ ಇವುಗಳಿಗೆ ಸಲ್ಲುತ್ತಿದ್ದ ಹಣ. ಅಧ್ಯಕ್ಷ ಮಹಾಮಾ ಈ ಕೊರತೆಯನ್ನು ತುಂಬಲು ದಾರಿ ಹುಡುಕುವಂತೆ ಹಣಕಾಸು ಸಚಿವರಿಗೆ ಹೇಳಿದರು. ಇಲ್ಲಿ ಅಂಗಡಿಯ ಬಿಲ್ಲಿನಲ್ಲಿ ಶೇ. 2.5 ಆರೋಗ್ಯ ವಿಮೆಯ ಸುಂಕವೆಂದು ಬೇರೆಯಾಗಿಯೇ ಹಾಕುತ್ತಾರೆ. ಆ ಹಣದ ಒಂದು ಭಾಗವನ್ನು ಬೇರೆ ಬಾಬತ್ತಿಗೆ ತಿರುಗಿಸುತ್ತಿದ್ದ ಪದ್ಧತಿಯನ್ನು ಮಾರ್ಚಿನ ಬಜೆಟ್ ಕೈಬಿಟ್ಟಿತು. ಅಂದರೆ ಮಾರ್ಗ ಮೊದಲಿನಿಂದಲೂ ಇತ್ತು. ಇದನ್ನು ಹೇಳುವಾಗ ಒಂದು ವಿಷಯದಲ್ಲಿ ಎಚ್ಚರದಿಂದಿರಬೇಕು ಎನಿಸುತ್ತದೆ. ನೆರವು ನಿಂತದ್ದು ಒಳ್ಳೆಯದಾಯಿತು ಎಂದು ಅಕ್ರಾದ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಹೇಳುವವರಿದ್ದಾರೆ. ಔಷಧಿಯ ಲೆಕ್ಕ ಇಡುವ ನಾನು ಅದನ್ನು ಒಪ್ಪಲಾರೆ. ಎಚ್‌ಐವಿ ಮಾತ್ರೆ ಒಂದು ತಿಂಗಳು ತಪ್ಪಿದರೆ ಆಗುವ ಹಾನಿಯನ್ನು ಮುಂದಿನ ಬಜೆಟ್ ಸರಿಪಡಿಸುವುದಿಲ್ಲ.

ದಾದಿ ಹೇಳಿದ್ದು ಇಷ್ಟು: “ನಿಲ್ಲಿಸಿದ್ದಕ್ಕೆ ಕೋಪವಿಲ್ಲ, ಅವರ ಹಣ. ಆದರೆ ನಮಗೆ ಯಾರೂ ಬಂದು ಹೇಳಲಿಲ್ಲ. ನಾವು ಅದನ್ನು ರೇಡಿಯೊದಲ್ಲಿ ಕೇಳಿದೆವು.”

ವೋಫಾ ಅವರ ಕೋಪ ಬೇರೆ ದಿಕ್ಕಿನದು. 2024ರ ಮೊದಲ ತಿಂಗಳುಗಳಲ್ಲಿ ನಮ್ಮ ಬಂದರಿನಲ್ಲೇ ಗ್ಲೋಬಲ್ ಫಂಡ್ ಎಂಬ ಅಂತರರಾಷ್ಟ್ರೀಯ ನಿಧಿ ಉಚಿತವಾಗಿ ಕಳಿಸಿದ್ದ ಎಚ್‌ಐವಿ, ಕ್ಷಯ, ಮಲೇರಿಯಾ ಸಾಮಗ್ರಿಯ 182 ಕಂಟೇನರುಗಳು ತಿಂಗಳುಗಟ್ಟಲೆ ಸಿಕ್ಕಿಕೊಂಡಿದ್ದವು. ಸರ್ಕಾರ ಕಟ್ಟಬೇಕಾದ ತೆರಿಗೆ, ಬಂದರಿನ ಶುಲ್ಕ ಬಾಕಿ ಇತ್ತು. ನಮ್ಮ ಗೋದಾಮಿನಿಂದ ಬಂದರಿನ ಕ್ರೇನುಗಳು ಕಾಣುತ್ತವೆ. ವೋಫಾ ದಿನವೂ ಅತ್ತ ನೋಡಿ, ದಾನಕ್ಕೆ ಬಂದದ್ದನ್ನು ಬಿಡಿಸಿಕೊಳ್ಳಲೂ ನಮಗೆ ಆಗಲಿಲ್ಲವೇ ಎಂದು ನೊಂದುಕೊಳ್ಳುತ್ತಿದ್ದರು. ರೋಗಿಗಳ ಸಂಘಟನೆಗಳು ಬೀದಿಗಿಳಿದು, ಪತ್ರಿಕೆಗಳು ಬರೆದ ಮೇಲೆ ಕಂಟೇನರುಗಳು ಹೊರಬಂದವು.

ಚೀನಾದ ವಿಷಯ ಕೇಳಿದರೆ ಅಕ್ರಾದ ರಾಷ್ಟ್ರೀಯ ರಂಗಮಂದಿರ, 400 ಮೆಗಾವಾಟಿನ ಬುಯಿ ಅಣೆಕಟ್ಟು ಎರಡನ್ನೂ ಜನ ಮೆಚ್ಚಿಕೊಂಡೇ ಹೇಳುತ್ತಾರೆ. ಅದೇ ಉಸಿರಿನಲ್ಲಿ ‘ಗಲಾಮ್ಸೆ’ ಎನ್ನುತ್ತಾರೆ, ಕಳ್ಳ ಚಿನ್ನದ ಗಣಿಗಾರಿಕೆ. ಚೀನಾದಿಂದ ಬಂದವರ ಯಂತ್ರಗಳೂ ಊರಿನ ಮುಖ್ಯಸ್ಥರ ಒಪ್ಪಿಗೆಯೂ ಸೇರಿ ಪ್ರಾ ನದಿಯನ್ನು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿಸಿವೆ. ಇನ್ನು ಅಮೆರಿಕ: 2025ರ ಮಧ್ಯದಲ್ಲಿ ಘಾನಾದವರಿಗೆ ಕೊಡುವ ವೀಸಾವನ್ನು ಮೂರು ತಿಂಗಳಿಗೆ, ಒಂದೇ ಪ್ರವೇಶಕ್ಕೆ ಇಳಿಸಿತು. ಸೆಪ್ಟೆಂಬರಿನಲ್ಲಿ ಅಮೆರಿಕ ಹೊರಹಾಕಿದ ಪಶ್ಚಿಮ ಆಫ್ರಿಕಾದ ಬೇರೆ ದೇಶಗಳ ಜನರನ್ನು ಘಾನಾ ಇಳಿಸಿಕೊಂಡಿತು, ತಿಂಗಳ ಕೊನೆಗೆ ವೀಸಾ ನಿರ್ಬಂಧ ಹೋಯಿತು. ಇದು ಮಾನವೀಯತೆಯಿಂದ ಮಾಡಿದ್ದು, ಪ್ರತಿಫಲಕ್ಕಲ್ಲ ಎಂದು ಸರ್ಕಾರ ಹೇಳಿತು. ಸಂಸತ್ತಿನ ಮುಂದೆ ತಾರದೆ ಒಪ್ಪಿದ್ದೇಕೆ ಎಂದು ವಿರೋಧ ಪಕ್ಷ ಕೇಳಿತು. ನಮ್ಮ ಟ್ರೊಟ್ರೊದಲ್ಲೂ ಅದೇ ಪ್ರಶ್ನೆ.

ಈಗ ನಮ್ಮ ಮಾತು, ಚಿಕ್ಕಪ್ಪ ಹೇಳಿದ ಮಾತು. ಭಾರತದ ಬಗ್ಗೆ ಇಲ್ಲಿ ಪ್ರೀತಿ ಇದೆ, ಅದು ಸುಳ್ಳಲ್ಲ. ಅಧ್ಯಕ್ಷರ ಕಚೇರಿಯಾದ ಜುಬಿಲಿ ಹೌಸ್ ಕಟ್ಟಿದ್ದು ಭಾರತದ ಸಾಲದಿಂದ. ತೇಮಾದಿಂದ ಎಂಪಕಡಾನ್‌ಗೆ ಸುಮಾರು 97 ಕಿಲೋಮೀಟರಿನ ರೈಲು ಹಳಿಯೂ ಹಾಗೆಯೇ. ಆದರೆ ಗಮನಿಸಿ, ಇವು ಸಾಲ, ತೀರಿಸುವವರು ಘಾನಾದ ಜನ. ಕೊಮೆಂಡಾದಲ್ಲಿ 3.5 ಕೋಟಿ ಡಾಲರ್ ಭಾರತೀಯ ಸಾಲದಿಂದ ಕಟ್ಟಿ 2016ರಲ್ಲಿ ಉದ್ಘಾಟಿಸಿದ ಸಕ್ಕರೆ ಕಾರ್ಖಾನೆ ಪರೀಕ್ಷೆಗೆ ಓಡಿದ್ದೇ ಹೆಚ್ಚು. ಕಬ್ಬೇ ಸಾಲದೆ ನಿಂತಿತು. ಮಂಡ್ಯದವರನ್ನು ಕೇಳಿದ್ದರೆ ಮೊದಲು ಕಬ್ಬಿನ ಗದ್ದೆ ತೋರಿಸಿ ಎನ್ನುತ್ತಿದ್ದರು. ಅದೇ 2016ರಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಘಾನಾ ವಿಶ್ವವಿದ್ಯಾಲಯದಲ್ಲಿ ಅನಾವರಣ ಮಾಡಿದ ಗಾಂಧೀಜಿಯ ಪ್ರತಿಮೆಯನ್ನು 2018ರ ಡಿಸೆಂಬರಿನಲ್ಲಿ ತೆಗೆದರು. ದಕ್ಷಿಣ ಆಫ್ರಿಕಾದ ಆರಂಭದ ದಿನಗಳಲ್ಲಿ ಗಾಂಧೀಜಿ ಕಪ್ಪು ಜನರ ಬಗ್ಗೆ ಬರೆದ ಸಾಲುಗಳನ್ನು ಅಧ್ಯಾಪಕರು ಮುಂದಿಟ್ಟಿದ್ದರು. ನನಗೆ ಅಂದು ಬಹಳ ನೋವಾಯಿತು. ಆಮೇಲೆ ಆ ಸಾಲುಗಳನ್ನು ಓದಿದೆ. ಗಾಂಧೀಜಿ ಮುಂದೆ ಬಹಳ ಬೆಳೆದರು ಎಂದು ಈಗಲೂ ನಂಬುತ್ತೇನೆ. ತಮ್ಮ ಅಂಗಳದಲ್ಲಿ ಯಾರನ್ನು ನಿಲ್ಲಿಸಬೇಕೆಂದು ತೀರ್ಮಾನಿಸುವ ಹಕ್ಕು ಅವರದು ಎಂದೂ ನಂಬುತ್ತೇನೆ.

ಲಸಿಕೆಯ ಕಥೆಯೂ ಇದೆ. ಬಡ ದೇಶಗಳಿಗೂ ಕೋವಿಡ್ ಲಸಿಕೆ ತಲುಪಿಸಲು ನಡೆದ ಕೋವ್ಯಾಕ್ಸ್ ಯೋಜನೆಯಲ್ಲಿ ಜಗತ್ತಿನ ಮೊದಲ ಸರಕು ಇಳಿದದ್ದು ಅಕ್ರಾದಲ್ಲಿ, 2021ರ ಫೆಬ್ರುವರಿ 24ರಂದು, ಪುಣೆಯಲ್ಲಿ ತಯಾರಾದ ಆರು ಲಕ್ಷ ಡೋಸ್. ಅಂದು ನಮ್ಮ ಗೋದಾಮಿನಲ್ಲಿ ನಾನು ತಲೆಯೆತ್ತಿ ನಡೆದೆ. ಮುಂದಿನ ತಿಂಗಳೇ ನಮ್ಮಲ್ಲಿ ಎರಡನೆಯ ಅಲೆ ಎದ್ದು ರಫ್ತು ನಿಂತಿತು. ವೋಫಾ ಮೊದಲ ಡೋಸ್ ಪಡೆದಿದ್ದರು. ಎರಡನೆಯದು ಬರುವುದೋ ಇಲ್ಲವೋ ತಿಳಿಯದ ದಿನಗಳಲ್ಲಿ ನನ್ನ ಮೇಜಿನ ಹತ್ತಿರ ಬಂದು ನಿಂತು, “ನಿಮ್ಮ ಊರಿನ ಚಿತೆಗಳನ್ನು ಟಿವಿಯಲ್ಲಿ ನೋಡಿದೆ ಮಗಳೇ. ಮೊದಲು ನಿಮ್ಮವರಿಗಾಗಲಿ. ನಾವು ಮಾತ್ರ ಇದನ್ನು ಇಲ್ಲಿಯೇ ಮಾಡಿಕೊಳ್ಳುವುದನ್ನು ಕಲಿಯಬೇಕು” ಎಂದರು. ಆಗ ಆಸ್ಪತ್ರೆಯಲ್ಲಿದ್ದ ನಮ್ಮ ಅಣ್ಣನಿಗಾಗಿ ಅವರು ಚರ್ಚಿನಲ್ಲಿ ಪ್ರಾರ್ಥನೆ ಮಾಡಿಸಿದ್ದು ನನಗೆ ತಿಂಗಳಾದ ಮೇಲೆ ಗೊತ್ತಾಯಿತು.

ಭಾನುವಾರ ಬೆಳಿಗ್ಗೆ ಹೊರಡುವ ಮುಂಚೆ ಒಂದು ಶಬ್ದ ಕೇಳಿ ಮನೆಯ ಹಿಂದಕ್ಕೆ ಹೋದೆ. ಕಬ್ಬಿಣದ ಉದ್ದ ಹಿಡಿ, ಚೌಕಾಕಾರದ ತಲೆ, ಸುತ್ತ ಸಿಮೆಂಟಿನ ಕಟ್ಟೆ. ನಮ್ಮ ಶಾಲೆಯ ಮುಂದಿದ್ದ ಕೈಪಂಪೇ. ಎಪ್ಪತ್ತರ ದಶಕದ ಬರಗಾಲಗಳ ಮೇಲೆ ಯೂನಿಸೆಫ್ ಜೊತೆ ಸೇರಿ ನಮ್ಮ ದೇಶದಲ್ಲಿ ರೂಪಿಸಿದ ಇಂಡಿಯಾ ಮಾರ್ಕ್ ಎರಡು ಎಂಬ ಪಂಪು. ಘಾನಾದಲ್ಲಿ ಅದನ್ನು ಸ್ವಲ್ಪ ಬದಲಾಯಿಸಿ ಹಳ್ಳಿಗಳಲ್ಲಿ ಹಾಕಿದ್ದಾರೆ. ಮೇಲೆ ಯಾವ ಧ್ವಜವೂ ಇಲ್ಲ, ಯಾರ ಹೆಸರೂ ಇಲ್ಲ. ಪಕ್ಕದ ಸ್ಟೂಲಿನ ಮೇಲೆ ಊರಿನ ನೀರಿನ ಸಮಿತಿಯ ಹೆಂಗಸು ಕುಳಿತು ಕೊಡಕ್ಕಿಷ್ಟೆಂದು ಪೆಸೆವಾ ನಾಣ್ಯ ತೆಗೆದುಕೊಂಡು ಪುಸ್ತಕದಲ್ಲಿ ಗೆರೆ ಎಳೆಯುತ್ತಿದ್ದಳು. ರಿಪೇರಿಗೆ ಆ ದುಡ್ಡು.

ಇದು ನಮ್ಮ ದೇಶದ ಪಂಪು, ನನ್ನ ಚಿಕ್ಕಪ್ಪ ಇದನ್ನೇ ರಿಪೇರಿ ಮಾಡುತ್ತಿದ್ದರು ಎಂದೆ. ಆಕೆ ಕೂಡಲೇ ಪುಸ್ತಕ ಮುಚ್ಚಿದಳು. “ಹಾಗಾದರೆ ಅವರನ್ನು ಕೇಳಿ. ಎರಡು ವಾರದಿಂದ ತೊಂದರೆ ಕೊಡುತ್ತಿದೆ. ಮೆಕ್ಯಾನಿಕ್ ವಾಷರ್ ಹೋಗಿದೆ ಎನ್ನುತ್ತಾನೆ. ವಾಷರ್‌ಗೆ ದುಡ್ಡು ಕೊಡಲೋ ಬೇಡವೋ?”

ಊರಿಗೆ ಫೋನ್ ಮಾಡಿದೆ. ಅಲ್ಲಿ ಮಧ್ಯಾಹ್ನದ ಊಟದ ಹೊತ್ತು. ವಿಷಯ ಹೇಳುತ್ತಿದ್ದಂತೆ ಚಿಕ್ಕಪ್ಪನ ಧ್ವನಿ ಬದಲಾಯಿತು. “ನೀರು ಕಡಿಮೆ ಬರುತ್ತದೆಯೋ, ತಡವಾಗಿ ಬರುತ್ತದೆಯೋ? ಅದನ್ನು ಮೊದಲು ಕೇಳು. ಕಡಿಮೆ ಬಂದರೆ ವಾಷರ್. ತಡವಾಗಿ ಬಂದರೆ ಕೆಳಗಿನ ವಾಲ್ವ್ ಅಥವಾ ಪೈಪು ಸೋರುತ್ತಿದೆ. ಸುಮ್ಮನೆ ವಾಷರ್‌ಗೆ ದುಡ್ಡು ದಂಡ ಮಾಡಬೇಡಿ ಎನ್ನು.” ನಾನು ಇಂಗ್ಲಿಷಿನಲ್ಲಿ ಹೇಳಿದೆ, ದಾದಿ ಟ್ವೀಯಲ್ಲಿ ಹೇಳಿದಳು. ಸಮಿತಿಯ ಹೆಂಗಸು ಯೋಚಿಸಿ, ಬಂದ ಮೇಲೆ ಚೆನ್ನಾಗಿಯೇ ಬರುತ್ತದೆ, ಬರುವುದೇ ತಡ ಎಂದಳು.

“ಎಷ್ಟು ಸಲ ಒತ್ತಬೇಕು? ಈಗ ಒತ್ತಲಿ, ನಾನು ಕೇಳಿಸಿಕೊಳ್ಳುತ್ತೇನೆ. ಫೋನನ್ನು ಹತ್ತಿರ ಹಿಡಿ” ಎಂದರು ಚಿಕ್ಕಪ್ಪ.

ಸಾಲಿನಲ್ಲಿದ್ದವರೆಲ್ಲ ಕೊಡ ಇಳಿಸಿ ಸುತ್ತ ನಿಂತರು. ಆಕೆ ಎದ್ದು ಹಿಡಿಗೆ ಎರಡೂ ಕೈ ಹಾಕಿದಳು. ನಾನು ಫೋನನ್ನು ಪಂಪಿನ ತಲೆಗೆ ತಾಗಿಸಿ ಹಿಡಿದೆ. ಅತ್ತಲಿಂದ ಚಿಕ್ಕಪ್ಪ ಒಂದು, ಎರಡು, ಮೂರು ಎಂದು ಎಣಿಸತೊಡಗಿದರು.